ಕೂತೇ ಸಾಗುವ ಕೂಸು

ನ್ಯಾಮತಿಯ ನಮ್ಮ ಬೀದಿಯಲ್ಲಿ ಕೂಸು ಹುಟ್ಟಿದರೆ ಅದು ಒಂದು ಮನೆಯ ಕೂಸಾಗಿ ಉಳಿಯುತ್ತಿರಲಿಲ್ಲ. ಕತ್ತು ನಿಂತಿತಾ, ಬೋರಲು ಬಿತ್ತಾ, ಹಲ್ಲು ಬಂತಾ ಎಂದು ಕೇಳುವ ಹಕ್ಕು ನೀರಿಗೆ ಬರುವ ಎಲ್ಲ ಹೆಂಗಸರಿಗೂ ಇತ್ತು. ಕೇಳಿ ಸುಮ್ಮನಾಗಿದ್ದರೆ ಚಿಂತೆಯಿರಲಿಲ್ಲ. ಕೇಳಿದ ಮೇಲೆ ತಮ್ಮ ಮನೆಯ ಲೆಕ್ಕ ಒಪ್ಪಿಸುತ್ತಿದ್ದರು. ಒಬ್ಬರ ಮೊಮ್ಮಗ ಐದು ತಿಂಗಳಿಗೇ ಕೂತಿದ್ದನಂತೆ, ಇನ್ನೊಬ್ಬರ ಮಗಳು ಎಂಟಕ್ಕೆಲ್ಲ ಗೋಡೆ ಹಿಡಿದು ನಿಂತಿದ್ದಳಂತೆ. ಅವರ ಮಾತು ನಂಬಿದರೆ ಆ ಬೀದಿಯ ಮಕ್ಕಳೆಲ್ಲ ವರ್ಷ ತುಂಬುವ ಮೊದಲೇ ಹೊನ್ನಾಳಿಗೆ ನಡೆದು ಹೋಗಿ ಸಂತೆ ಮಾಡಿಕೊಂಡು ಬಂದಿರಬೇಕಿತ್ತು.

ನಾನು ಜಗಳೂರಿನವಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನಲ್ಲೂ ಹೇಳಿಸಿಕೊಂಡವಳು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ, ಗಂಡು ಕೂಸನ್ನು ಎತ್ತಿಕೊಂಡು ಐದನೇ ತಿಂಗಳಲ್ಲಿ ನ್ಯಾಮತಿಗೆ ವಾಪಸಾಗಿದ್ದೆ. ದಾರಿಯಲ್ಲಿ ದಾವಣಗೆರೆಯಲ್ಲಿ ಇಳಿದು ಕೂಸಿನ ಬಾಯಿಗೆ ಪೋಲಿಯೋ ಹನಿ ಹಾಕಿಸಿದ್ದೆವು. ಮತ್ತೆ ಬಂದು ಹಾಕಿಸಬೇಕು ಎಂದಿದ್ದರು. ಅಂಗಡಿಯ ಗಡಿಬಿಡಿಯಲ್ಲಿ ಯಜಮಾನರು ಇವತ್ತು ನಾಳೆ ಎನ್ನುತ್ತಿದ್ದರು, ದಿನ ಹೋಗುತ್ತಿತ್ತು.

ಮೊದಲ ಏಳು ತಿಂಗಳು ನನಗೆ ಯಾವ ಭಯವೂ ಇರಲಿಲ್ಲ. ಇದ್ದದ್ದು ಬರೀ ಜಂಬ. ಕೂಸು ಬೇಗ ನಕ್ಕಿತು, ದೀಪ ಹೋದ ಕಡೆಗೆ ಕಣ್ಣು ಹೊರಳಿಸಿತು, ತನ್ನ ಮುಷ್ಟಿಯನ್ನೇ ಯಾರದೋ ಎಂಬಂತೆ ನೋಡಿಕೊಂಡು ಕೇಕೆ ಹಾಕಿತು. ಬೋರಲು ಬಿದ್ದ ದಿನ ಒಂದು ಕೈ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡು ಬೀದಿಗೇ ಕೇಳುವಂತೆ ಚೀರಿತು. ಏಳಕ್ಕೆ ಯಾರ ಆಸರೆಯೂ ಇಲ್ಲದೆ ಕೂತಿತು. ಕೈ ಮಂಡಿ ಎರಡನ್ನೂ ಊರಿ ಹಿಂದೆ ಮುಂದೆ ತೂಗಲು ಶುರುಮಾಡಿದಾಗ ನಾನೇ ಕೊಡ ಹಿಡಿದು ನೀರಿಗೆ ಹೋಗಿ, ಯಾರೂ ಕೇಳದಿದ್ದರೂ ಹೇಳಿ ಬಂದೆ. ಅವರನ್ನು ಬೈಯುವ ನನಗೂ ಅವರಿಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ನಮ್ಮದು ಕಿರಾಣಿ ಅಂಗಡಿಯ ಮನೆ. ಬೀದಿಗೆ ಅಂಗಡಿ, ಅದರ ಹಿಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಅಂಗಡಿಗೂ ಪಡಸಾಲೆಗೂ ನಡುವೆ ಒಂದು ದಪ್ಪ ಹೊಸ್ತಿಲು. ಯಜಮಾನರು ಹೊನ್ನಾಳಿ, ದಾವಣಗೆರೆ ಎಂದು ಸರಕಿಗೆ ತಿರುಗುತ್ತಿದ್ದರೆ ಅಂಗಡಿಯಲ್ಲಿ ಕೂರುತ್ತಿದ್ದವನು ನನ್ನ ಮೈದುನ. ಇಪ್ಪತ್ತೈದು ದಾಟಿತ್ತು. ಅವನಿಗೆ ಕಾಲಿಲ್ಲ ಎಂದಲ್ಲ. ಕಾಲಿದ್ದವು, ಬತ್ತಿದ್ದವು. ಕಾಲು ಮಡಿಸಿ, ಬಲಗೈ ನೆಲಕ್ಕೆ ಊರಿ, ಕೂತ ಮೈಯನ್ನು ಒಂದೊಂದೇ ಎಳೆತಕ್ಕೆ ಮುಂದೆ ಸರಿಸುತ್ತಿದ್ದ. ಕೆಳಗೆ ಸೈಕಲ್ ಟೈರಿನ ತುಂಡು ಹೊಲಿದ ಗೋಣಿಚೂರು ಇರುತ್ತಿತ್ತು. ಹಾಗೆಯೇ ಇಡೀ ಮನೆ ಓಡಾಡುತ್ತಿದ್ದ. ಪಾಪದವನು ಎಂದು ಯಾರಾದರೂ ಅಂದುಕೊಂಡರೆ ಅವರೇ ಪಾಪದವರು. ಬಾಯಿ ಬಹಳ ಜೋರು. ಬೆಲ್ಲ ಮುಟ್ಟಿ ಮುಟ್ಟಿ ನೋಡುವ ಗಿರಾಕಿಗೆ, "ತಗೊಳ್ಳಾಕೆ ಬಂದೀರೋ, ನೆಕ್ಕಾಕೆ ಬಂದೀರೋ?" ಎಂದು ಕೇಳಿಬಿಡುತ್ತಿದ್ದ. ಕೂಸಿನ ಮುಂದೆ ಮಾತ್ರ ಬೆಣ್ಣೆಯಾಗುತ್ತಿದ್ದ. ನನಗೆ ಒಲೆಯ ಕೆಲಸವಿದ್ದಾಗ ಕೂಸು ಅವನ ಮಗ್ಗುಲಲ್ಲೇ ಇರುತ್ತಿತ್ತು.

ಎಂಟನೇ ತಿಂಗಳಲ್ಲಿ ಜ್ವರ ಬಂತು. ಎಲ್ಲ ಮಕ್ಕಳಿಗೂ ಬರುವಂಥ ಜ್ವರ. ತಲೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರೆ ಅತ್ತೆ ಹಣೆ ಮುಟ್ಟಲೇ ಇಲ್ಲ. ಕೂಸಿನ ಕಾಲ ಕಡೆ ಕೂತು ಎರಡೂ ಪಾದ ಹಿಡಿದುಕೊಂಡಿದ್ದರು. ಸಣ್ಣಗೆ ಹಿಂಡುವುದು, ಕೂಸು ಕಾಲೆಳೆದುಕೊಂಡರೆ "ಶಿವಾ" ಎಂದು ಉಸಿರು ಬಿಡುವುದು, ಮತ್ತೆ ಹಿಂಡುವುದು.

"ಏನ್ ಮಾಡ್ತಿದೀರಿ ಅತ್ತೆಮ್ಮಾ? ಮಲಗಾಕಾದ್ರೂ ಬಿಡ್ರಿ ಅದನ್ನ" ಎಂದು ರೇಗಿದೆ.

"ಆಗ ನಾನೂ ಮಲಗಾಕೆ ಬಿಟ್ಟಿದ್ದೆ" ಎಂದರು ಅವರು. ಅಷ್ಟೇ ಹೇಳಿದ್ದು.

ಮೈದುನನ ಕತೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಗೊತ್ತಿತ್ತು. ಅವನೂ ಚೆನ್ನಾಗಿ ಹುಟ್ಟಿ, ಚೆನ್ನಾಗಿ ಕೂತು, ವರ್ಷ ತುಂಬುವ ಮೊದಲು ಒಂದು ಜ್ವರದಲ್ಲಿ ಮಲಗಿದ್ದನಂತೆ. ಜ್ವರ ಬಿಟ್ಟಿತಲ್ಲ ಎಂದು ಎಲ್ಲರೂ ಸಮಾಧಾನದಲ್ಲಿದ್ದಾಗ ಎಣ್ಣೆ ಹಚ್ಚಿ ಎರೆಯಲು ಕಾಲ ಮೇಲೆ ಹಾಕಿಕೊಂಡ ಅತ್ತೆಗೆ, ಕೂಸಿನ ಕಾಲು ಬಟ್ಟೆಯ ಹಾಗೆ ಜೋತುಬಿದ್ದದ್ದು ಕೈಗೆ ತಿಳಿಯಿತಂತೆ. ಅಲ್ಲಿಂದ ಈಚೆಗೆ ಅವರಿಗೆ ಜ್ವರ ಎಂದರೆ ತಲೆಗೆ ಬರುವುದಲ್ಲ, ಕಾಲಿಗೆ ಬರುವುದು. ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅವರನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ.

ಜ್ವರ ಇಳಿಯಿತು. ಕೂಸು ಒದೆಯಿತು. ನಾವೆಲ್ಲ ನಕ್ಕೆವು. ಆದರೆ ಜ್ವರಕ್ಕೆ ಮುಂಚೆ ಮಂಡಿಯೂರಿ ತೂಗುತ್ತಿದ್ದ ಕೂಸು ಮತ್ತೆ ಮಂಡಿಯೂರಲಿಲ್ಲ. ಬೋರಲು ಹಾಕಿದರೆ ಅತ್ತು, ಹೊರಳಿ, ಎದ್ದು ಕೂತುಬಿಡುತ್ತಿತ್ತು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಪಡಸಾಲೆಯ ಕಂಬದ ಹತ್ತಿರ ಕೂರಿಸಿದ್ದ ಕೂಸು ಅಡುಗೆಮನೆಯ ಬಾಗಿಲಲ್ಲಿತ್ತು. ಹೇಗೆ ಬಂತು ಎಂದು ನೋಡುತ್ತ ನಿಂತೆ. ಕೂತೇ ಇತ್ತು. ಒಂದು ಕಾಲು ಮಡಿಸಿ, ಬಲಗೈ ನೆಲಕ್ಕೆ ಊರಿ, ಕುಂಡಿ ಎಳೆದುಕೊಂಡು ಒಂದು ಗೇಣು ಮುಂದೆ ಬಂತು. ನನ್ನ ಮುಖ ನೋಡಿ ನಕ್ಕಿತು. ಮತ್ತೊಂದು ಗೇಣು ಬಂತು.

ಹೆಂಚಿನ ಮೇಲೆ ರೊಟ್ಟಿ ಸೀದು ಹೋಯಿತು. ಕೂಸು ಮೊದಲ ಸಲ ತಾನೇ ತಾನಾಗಿ ತಾಯಿಯ ಹತ್ತಿರ ಬಂದಿದೆ, ಎತ್ತಿ ಮುದ್ದಾಡಬೇಕಾದ ಹೊತ್ತು. ನಾನು ಮಾಡಿದ್ದು ಕಾಲು ಹಿಡಿದು ನೋಡಿದ್ದು.

ಆಮೇಲೆ ಆ ಎರಡು ಕಾಲು ಮನೆಯವರೆಲ್ಲರ ಸ್ವತ್ತಾದವು. ಅತ್ತೆ ಹಿಂಡುತ್ತಿದ್ದರು. ಯಜಮಾನರು ಊರಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಅಂಗಾಲಿಗೆ ಕಚಗುಳಿ ಇಡುತ್ತಿದ್ದರು. ನಾನು ಯಾರೂ ನೋಡದಾಗ ಉಗುರು ತಾಗಿಸುತ್ತಿದ್ದೆ. ಕೂಸು ಆಟವೆಂದುಕೊಂಡು ಎಲ್ಲರಿಗೂ ಕಾಲು ಚಾಚಿ ಕೊಡುತ್ತಿತ್ತು. ಕಾಲು ಎಳೆದುಕೊಂಡರೆ ಅರ್ಧ ಗಂಟೆ ನೆಮ್ಮದಿ. ಮತ್ತೆ ಅನುಮಾನ. ಎಡಗಾಲು ಸ್ವಲ್ಪ ನಿಧಾನಕ್ಕೆ ಎಳೆದುಕೊಂಡಿತಾ? ಬಲಗಾಲಿಗಿಂತ ಎಡಗಾಲು ತೆಳ್ಳಗಿದೆಯಾ? ದಾರ ತಂದು ಎರಡೂ ಮೀನಖಂಡ ಸುತ್ತಿ ಅಳೆದದ್ದೂ ಉಂಟು. ಎಲ್ಲಕ್ಕಿಂತ ಹೆದರಿಸಿದ್ದು ನಿಲ್ಲಿಸಿ ನೋಡುವ ಪರೀಕ್ಷೆ. ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಲು ಹೋದರೆ ಬೇರೆ ಮಕ್ಕಳು ನೆಲಕ್ಕೆ ಕಾಲೊತ್ತಿ ಕುಣಿಯುತ್ತವೆ. ನಮ್ಮದು ಎರಡೂ ಕಾಲು ಮೇಲಕ್ಕೆಳೆದುಕೊಂಡು ಗಾಳಿಯಲ್ಲೇ ಕೂರುತ್ತಿತ್ತು.

ಚನ್ನಗಿರಿ ಕಡೆಯ ಒಂದು ಹಳ್ಳಿಯಿಂದ ಅತ್ತೆ ಕಪ್ಪಗಿನ ಎಣ್ಣೆ ತರಿಸಿದರು. ಅದರ ವಾಸನೆಗೆ ಬೆಕ್ಕು ಮನೆ ಬಿಟ್ಟಿತು. ದಿನಾ ಎರಡು ಹೊತ್ತು ತಿಕ್ಕಿದ್ದಾಯಿತು. ಕಡೆಗೆ ನಾನು ಹಟ ಹಿಡಿದು ದಾವಣಗೆರೆಗೆ ಹೊರಡಿಸಿದೆ.

ಮಕ್ಕಳ ಡಾಕ್ಟರು ಕೂಸನ್ನು ಮೇಜಿನ ಮೇಲೆ ಮಲಗಿಸಿ, ಮಂಡಿಗೆ ಸಣ್ಣ ಸುತ್ತಿಗೆ ಬಡಿದು, ಪಾದ ಹಿಡಿದು ತಳ್ಳಿದರು. ಕೂಸು ಅವರ ಕನ್ನಡಕ ಬೀಳುವ ಹಾಗೆ ಒದೆಯಿತು. "ಇದು ಪೋಲಿಯೋ ಕಾಲಲ್ಲಮ್ಮ" ಎಂದು ನಕ್ಕರು. "ಕೆಲವು ಮಕ್ಕಳು ಅಂಬೆಗಾಲೇ ಇಡೋದಿಲ್ಲ. ಕೂತೇ ಓಡಾಡ್ತವೆ. ಅಂಥವು ನಡೆಯೋದು ಸ್ವಲ್ಪ ತಡ. ಕಾಯಿರಿ." ಬಾಕಿಯಿದ್ದ ಹನಿಯನ್ನೂ ಹಾಕಿ ಕಳಿಸಿದರು.

ಔಷಧ ಬರೆದಿದ್ದರೆ ಹೊತ್ತಿಗೆ ಸರಿಯಾಗಿ ಕುಡಿಸುತ್ತಿದ್ದೆ. ಕಾಯಿರಿ ಎಂದರೆ ಏನು ಕುಡಿಸಲಿ? ಆದರೂ ಬಸ್ಸಿನಲ್ಲಿ ಬರುವಾಗ ಮನಸ್ಸು ಹಗುರವಾಗಿತ್ತು. ಮನೆಗೆ ಬಂದು ಹೇಳಿದರೆ ಅತ್ತೆ ಎಣ್ಣೆಯ ಬಟ್ಟಲು ಕೆಳಗಿಡಲಿಲ್ಲ. "ಆಗ್ಲೂ ಡಾಕ್ಟ್ರು ಹಿಂಗೇ ಅಂದಿದ್ರು. ಸ್ವಲ್ಪ ದಿನ ಕಾಯ್ರಿ, ಸರಿಹೋಗ್ತೈತೆ ಅಂತ. ಇನ್ನೂ ಕಾಯ್ತಾನೇ ಇದೀನಿ." ನನ್ನ ಹಗುರ ಅಲ್ಲಿಗೇ ಮುಗಿಯಿತು.

ಅದಾದ ಸ್ವಲ್ಪ ದಿನಕ್ಕೆ ಬೀದಿಯ ಹೆಂಗಸೊಬ್ಬರು ಬೆಲ್ಲಕ್ಕೆಂದು ಅಂಗಡಿಗೆ ಬಂದಿದ್ದರು. ಕೂಸು ಅಂಗಡಿಯೊಳಗೆ ಮೂಟೆಗಳ ನಡುವೆ ಸರಿದಾಡುತ್ತಿತ್ತು, ಎದುರಿಗೆ ಮೈದುನನೂ ಸರಿದು ಹೋಗಿ ಅದರ ಕೈಯಿಂದ ತೂಕದ ಕಲ್ಲು ಕಸಿದುಕೊಂಡ. ಆಕೆ ನೋಡಿ, ಒಳ್ಳೆಯ ಮನಸ್ಸಿನಿಂದಲೇ, "ಅಯ್ಯ, ಥೇಟ್ ಚಿಕ್ಕಪ್ಪನಂಗೇ ಹೋಗ್ತಾನಲ್ರೀ!" ಎಂದು ನಕ್ಕರು.

ಮೈದುನ ತಲೆಯೆತ್ತದೆ ಬೆಲ್ಲ ತೂಗಿ, ಕಟ್ಟಿ ಕೊಟ್ಟ. ಒಳಗೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆಯ ಕೈ ಮೊರದ ಮೇಲೆ ನಿಂತುಬಿಟ್ಟಿತ್ತು.

ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ನೋವಿಗಿಂತ ಮೊದಲು ಆಸೆ ಹುಟ್ಟಿತು. ಕೂಸು ಚಿಕ್ಕಪ್ಪನನ್ನು ನೋಡಿ ಕಲಿತಿದ್ದರೆ? ದಿನವಿಡೀ ಅವನ ಪಕ್ಕದಲ್ಲಿರುವ ಕೂಸಿಗೆ ಸಾಗುವುದೆಂದರೆ ಹಾಗೇ ಎಂದು ಅನ್ನಿಸಿದ್ದರೆ? ಹಾಗಿದ್ದರೆ ಕಾಲಿನಲ್ಲಿ ದೋಷವಿಲ್ಲ, ಜ್ವರ ಏನೂ ಮಾಡಿಲ್ಲ, ಡಾಕ್ಟರು ಹೇಳಿದ್ದು ಸರಿ. ಅದು ಹಾಗೆಯೇ ಇರಲಿ ಎಂದು ಒಳಗೊಳಗೇ ಹರಕೆ ಹೊತ್ತೆ. ಅತ್ತೆಗೂ ಅದೇ ಯೋಚನೆ ಬಂದಿತ್ತು ಎಂದು ಸಂಜೆ ಗೊತ್ತಾಯಿತು.

"ಸ್ವಲ್ಪ ದಿನ ತವರಿಗೆ ಹೋಗಿ ಇರವ್ವ" ಎಂದರು. "ಕೂಸು ನಾಕು ಮಂದಿ ನಡೆಯೋದನ್ನ ನೋಡಲಿ. ಇಲ್ಲಿ ಬರೀ…" ಅಲ್ಲಿಗೆ ನಿಲ್ಲಿಸಿದರು. ಹೊಸ್ತಿಲ ಆಚೆ ಅಂಗಡಿಯಲ್ಲಿ ರೇಡಿಯೋ ಹಾಡುತ್ತಿತ್ತು. ಮೈದುನ ಕೈಚಾಚಿ ಅದನ್ನು ಆರಿಸಿದ. ಎಲ್ಲ ಕೇಳಿಸಿತ್ತು ಅವನಿಗೆ.

"ಹೋಗಿ ಬರ್ರಿ ಅತ್ಗೆಮ್ಮಾ" ಎಂದ ಅಲ್ಲಿಂದಲೇ. "ಗುರು ಸರಿಯಿಲ್ಲಾಂದ್ರೆ ಸಾಲೆ ಬದಲಾಯಿಸ್ಬೇಕು." ತಮಾಷೆಯ ದನಿಯಲ್ಲೇ ಹೇಳಿದ. ನಾನು ನಗಬೇಕೋ ಬೇಡವೋ ತಿಳಿಯದೆ ಕೂಸಿನ ಬಟ್ಟೆ ಮಡಚತೊಡಗಿದೆ.

ಜಗಳೂರಿನಲ್ಲಿ ನಮ್ಮ ಅವ್ವ ನನ್ನ ಭಯ ಕೇಳಿ ಬೈದಳು. "ನೀನೇನು ವರ್ಷಕ್ಕೇ ಓಡಿದ್ಯಾ? ಒಂದೂವರೆ ವರ್ಷ ಸೊಂಟ ಬಿಟ್ಟು ಇಳೀಲಿಲ್ಲ. ಈಗ ನೋಡು, ಬಾಯಿ ಕಾಲು ಎರಡೂ ನಿಲ್ಲಂಗಿಲ್ಲ." ಅವಳ ಬೈಗುಳದಲ್ಲಿ ಧೈರ್ಯ ಇತ್ತು. ಆದರೆ ನನ್ನ ಕಣ್ಣು ನೆಲದ ಮೇಲೇ ಇತ್ತು. ಆ ಮನೆಯಲ್ಲಿ ಎಲ್ಲರೂ ನಡೆಯುವವರೇ. ಅಣ್ಣನ ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಓಡುತ್ತಿದ್ದವು. ನಾನು ಬೇಕೆಂದೇ ಕೂಸನ್ನು ಅವುಗಳ ನಡುವೆ ಕೂರಿಸುತ್ತಿದ್ದೆ. ನೋಡು, ಕಾಲು ಇರುವುದು ಇದಕ್ಕೇ ಎಂದು ಮನಸ್ಸಿನಲ್ಲೇ ಹೇಳಿಕೊಡುತ್ತಿದ್ದೆ.

ಕೂಸು ನೋಡಿತು. ಚಪ್ಪಾಳೆ ತಟ್ಟಿತು. ಆಮೇಲೆ ಬಲಗೈ ಊರಿ, ಕುಂಡಿ ಎಳೆದುಕೊಂಡು ಅವುಗಳ ಹಿಂದೆ ಹೋಯಿತು. ಮೊದಲಿಗಿಂತ ಜೋರಾಗಿ ಹೋಗುತ್ತಿತ್ತು.

ಮರೆತೀತು ಎಂದು ಕಾದೆ. ಮರೆಯಲಿಲ್ಲ. ಮಾತು ಮಾತ್ರ ಬರುತ್ತಿತ್ತು, ಅವ್ವ, ಹಾಲು, ಕಾಗೆಗೆ "ಕಾ". ಹಲ್ಲು ಬಂದವು. ಕೈಯಲ್ಲಿ ಅನ್ನದ ಅಗುಳು ಹೆಕ್ಕಿ ಬಾಯಿಗಿಡುವಷ್ಟು ಬೆರಳು ಚುರುಕಾದವು. ಎಲ್ಲ ಬಂದವು, ಕಾಲು ಮಾತ್ರ ನೆಲ ಮುಟ್ಟಲೊಲ್ಲವು. ವರ್ಷ ತುಂಬುತ್ತ ಬಂದಿತ್ತು. ಚಿಕ್ಕಪ್ಪನನ್ನು ನೋಡಿ ಕಲಿತದ್ದು ಎಂಬ ನನ್ನ ಆಸೆ ಜಗಳೂರಿನ ಅಂಗಳದಲ್ಲೇ ಸತ್ತಿತು. ನೋಡಿ ಕಲಿತದ್ದಲ್ಲ ಎಂದರೆ ಮತ್ತೇನು? ಆ ಪ್ರಶ್ನೆಗೆ ನನ್ನ ಬಳಿ ಒಂದೇ ಉತ್ತರವಿತ್ತು, ಅದನ್ನು ಹೇಳಿಕೊಳ್ಳಲು ನಾಲಗೆ ಏಳುತ್ತಿರಲಿಲ್ಲ. ಹಗಲಿನಲ್ಲಿ ಬಟ್ಟೆ ಒಗೆಯುತ್ತ ಅಳುತ್ತಿದ್ದೆ, ಹೇಗೂ ಮುಖ ಒದ್ದೆಯಿರುತ್ತಿತ್ತು.

ಒಂದು ದಿನ ಯಜಮಾನರು ದಾವಣಗೆರೆಗೆ ಸರಕಿಗೆ ಬಂದವರು ಅಲ್ಲಿಂದ ಜಗಳೂರಿಗೂ ಬಂದರು. ಕೂಸಿನ ಅಂಗಾಲಿಗೆ ಬೆರಳಾಡಿಸಿ, ನನ್ನ ಮುಖ ನೋಡಿ, ಊಟಕ್ಕೆ ಕೂತರು. ಊಟದ ನಡುವೆ ಹೇಳಿದರು: "ತಮ್ಮ ಒಳಗೇ ಬರ್ತಿಲ್ಲ ಕಣೆ. ಅಂಗಡಿಯಲ್ಲೇ ಉಣ್ತಾನೆ, ಅಲ್ಲೇ ಮಲಗ್ತಾನೆ. ಹಿತ್ತಲಿಗೆ ಹೋಗಾಕೂ ಸಂದಿಯಿಂದ ಸುತ್ತಿ ಹೋಗ್ತಾನೆ. 'ನಾನು ಹೊಸ್ತಿಲ ಈಚೆಗೇ ಇರ್ತೀನಿ, ಕೂಸಿಗೆ ಕಾಣಂಗಿಲ್ಲ, ಅವರನ್ನ ಕರ್ಕೊಂಡು ಬಾ' ಅಂತಾನೆ."

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅತ್ತೆಯ ಮೇಲೋ, ಬೆಲ್ಲಕ್ಕೆ ಬಂದ ಹೆಂಗಸಿನ ಮೇಲೋ, ಬಾಯಲ್ಲಿ ಅನ್ನ ಇಟ್ಟುಕೊಂಡು ಇದನ್ನು ಹೇಳುತ್ತಿರುವ ಈ ಮನುಷ್ಯನ ಮೇಲೋ. "ಕೂಸು ಅವನನ್ನ ನೋಡಿ ಕಲಿತದ್ದಲ್ಲ ರೀ. ಇಲ್ಲಿ ಯಾರನ್ನ ನೋಡಿ ಹಿಂಗೆ ಹೋಗ್ತೈತೆ? ನಿಮ್ಮ ಅತ್ತೆನ್ನ ನೋಡಿಯೇನು?" ಎಂದೆ. ನಮ್ಮ ಅವ್ವ ಸಾರಿನ ಸೌಟು ಹಿಡಿದು ನಿಂತಿದ್ದಳು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆವು.

ನ್ಯಾಮತಿಗೆ ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾವು ಪಕ್ಕದ ಸಂದಿಯಿಂದ ಹಿತ್ತಲ ಬಾಗಿಲಿಗೆ ಹೋದೆವು. ಪಡಸಾಲೆ ಮತ್ತು ಅಂಗಡಿಯ ನಡುವಿನ ಬಾಗಿಲಿಗೆ ಹಳೆಯ ಸೀರೆಯ ಪರದೆ ಕಟ್ಟಿದ್ದರು, ಅವನೇ ಹೇಳಿ ಕಟ್ಟಿಸಿದ್ದಂತೆ. ಅತ್ತೆ ಕೂಸನ್ನು ಎತ್ತಿಕೊಂಡರು. ಅವರ ಕೈ ತಾನಾಗಿ ಕಾಲಿಗೆ ಹೋಯಿತು.

"ಏನಾರ ನಿಂತನೇನು?"

"ಇಲ್ಲ."

ಕೂಸನ್ನು ನೆಲಕ್ಕೆ ಬಿಟ್ಟು ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

ಆಗ ಪರದೆಯ ಆಚೆ ಮೈದುನ ಯಾರಿಗೋ, "ಕಾಲು ಕೇಜಿಗೆ ಇಷ್ಟು ಚೌಕಾಸಿ ಮಾಡ್ತೀರಲ್ರೀ, ಮಗಳ ಮದುವೆ ಹೆಂಗೆ ಮಾಡ್ತೀರಿ?" ಎಂದ. ಕೂಸು ತಲೆಯೆತ್ತಿತು. ಆ ದನಿಯ ಕಡೆಗೆ ತಿರುಗಿತು. ಬಲಗೈ ಊರಿ ಹೊರಟಿತು. ಪಡಸಾಲೆಯನ್ನು ದಾಟಿ, ಪರದೆಯ ಕೆಳಗೆ ತಲೆ ತೂರಿಸಿ, ಹೊಸ್ತಿಲ ಮುಂದೆ ಹೋಗಿ ನಿಂತಿತು, ಅಂದರೆ ಕೂತಿತು. ಹೊಸ್ತಿಲು ಅದರ ಎದೆಯ ಮಟ್ಟಕ್ಕಿತ್ತು. ನಾನು ಎದ್ದವಳು ಅಲ್ಲೇ ನಿಂತೆ. ಕೂಸು ಎರಡೂ ಕೈ ಆಚೆಗೆ ಹಾಕಿತು. ಹೊಟ್ಟೆ ಒತ್ತಿತು. ಮುಲುಕಿತು. ಮೈಯನ್ನು ಮೇಲಕ್ಕೆಳೆದು ಹೊಸ್ತಿಲ ಮೇಲೆ ಕುದುರೆ ಹತ್ತಿದಂತೆ ಕೂತು, ಆಚೆಗೆ ಉರುಳಿ, ಮತ್ತೆ ಎದ್ದು ಕೂತುಕೊಂಡಿತು.

ಮೈದುನ ತಕ್ಕಡಿ ಕೆಳಗಿಟ್ಟ. "ಅವ್ವಾ! ಅತ್ಗೆಮ್ಮಾ! ಹೊಸ್ತಿಲು ದಾಟಿದ! ತಾನೇ ದಾಟಿದ!" ಎಂದು ಕೂಗಿದ. ಕೂಸಿಗೆ ಕಾಣಬಾರದು ಎಂಬ ತನ್ನ ಪಣವೆಲ್ಲ ಮರೆತೇಹೋಗಿತ್ತು. ಅದು ಅವನ ತೊಡೆಯ ಮೇಲೆ ಹತ್ತಿ ಕೂತಾಗಿತ್ತು. "ಕಡುಬು ಮಾಡವ್ವಾ" ಎಂದ.

ನಮ್ಮ ಮನೆಯಲ್ಲಿ ಕೂಸು ಮೊದಲ ಸಲ ತಾನಾಗಿ ಹೊಸ್ತಿಲು ದಾಟಿದರೆ ಹೂರಣದ ಕಡುಬು ಮಾಡಿ ಬೀದಿಗೆಲ್ಲ ಹಂಚುವ ಪದ್ಧತಿ. ಅತ್ತೆ ಪರದೆ ಸರಿಸಿ ನೋಡಿದರು. ಮುಖದಲ್ಲಿ ಸಂತೋಷವಿರಲಿಲ್ಲ.

"ಅಂಬೆಗಾಲಿಟ್ಟು ದಾಟಬೇಕು, ಇಲ್ಲ ನಡೆದು ದಾಟಬೇಕು. ಕುಂಡಿ ಮೇಲೆ ದಾಟಿದ್ದು ದಾಟಿದಂಗಲ್ಲ. ಯಾವ ಮುಖ ಇಟ್ಕೊಂಡು ಹಂಚಲಿ?"

ಗಿರಾಕಿ ಚೀಲ ಹಿಡಿದು ಬೀದಿಯ ಕಡೆ ನೋಡುತ್ತಿದ್ದ. ಮೈದುನ ಕೂಸಿನ ತಲೆ ಸವರುತ್ತ, ಜೋರಿಲ್ಲದ ದನಿಯಲ್ಲಿ ಕೇಳಿದ:

"ಹಂಗಾದ್ರೆ ನಾನು ಇಷ್ಟು ವರ್ಷ ದಾಟಿದ್ದು ಏನವ್ವಾ?"

ಅತ್ತೆ ಆ ಪರದೆಯನ್ನು ಕಿತ್ತು ಮಡಚಿ ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಗೆ ಹೋದರು. ಡಬ್ಬದ ಮುಚ್ಚಳ ತೆಗೆದ ಸದ್ದು ಬಂತು. ಬೇಳೆ ಕೇರುವ ಸದ್ದು ಬಂತು. ನಾನು ಒಳಗೆ ಹೋದಾಗ ಅವರು ಮೊರ ಹಿಡಿದು ಅಳುತ್ತಿದ್ದರು. "ಬೆಲ್ಲ ತಗೊಂಬಾ, ನಿಂತ್ಕಂಡು ಏನ್ ನೋಡ್ತಿ" ಎಂದು ಗದರಿದರು.

ಕಡುಬು ಬೆಂದ ಮೇಲೆ ಮೊದಲ ತಟ್ಟೆಯನ್ನು ದೇವರ ಮುಂದಿಟ್ಟರು. ಎರಡನೆಯದನ್ನು ತುಪ್ಪ ಹಾಕಿ, ಪಡಸಾಲೆಯಲ್ಲಿ ಮಗನ ಮುಂದೆ ಇಟ್ಟರು. ಅವನು ಆ ದಿನ ಹೊಸ್ತಿಲು ದಾಟಿ ಒಳಗೆ ಬಂದಿದ್ದ. "ತಡ ಆತು ನೋಡವ್ವ, ನನಗಾಗ್ಲೇ ಗಡ್ಡ ಬಂದೈತೆ" ಎಂದ. ಅತ್ತೆಗೆ ನಗು ಬಂತು, ಅಳುವೂ ಬಂತು. ಬೀದಿಗೆ ಕಡುಬು ಕೊಡಲು ನನ್ನನ್ನು ಕಳಿಸಲಿಲ್ಲ, ತಾವೇ ಹೋದರು. ಬೆಲ್ಲಕ್ಕೆ ಬಂದಿದ್ದ ಹೆಂಗಸು, "ನಡೆದನೇನ್ರೀ ಮೊಮ್ಮಗ?" ಎಂದು ಕೇಳಿದರಂತೆ. "ನಡೆದಿಲ್ಲ. ದಾಟ್ಯಾನೆ" ಎಂದು ಹೇಳಿ ಬಂದರಂತೆ. ಅಷ್ಟನ್ನು ನನಗೆ ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಬಿಂಕವಿತ್ತು.

ಭಯ ಹೋಯಿತೇ ಎಂದರೆ, ಇಲ್ಲ. ಕಡುಬು ತಿಂದರೆ ಕಾಲಿಗೆ ಬಲ ಬರುವುದಿಲ್ಲ. ವರ್ಷ ತುಂಬಿತು. ಹುಟ್ಟಿದ ದಿನದ ಹೋಳಿಗೆ ತಿನ್ನುವಾಗಲೂ ನನ್ನ ಕಣ್ಣು ಆ ಕಾಲುಗಳ ಮೇಲೇ. ಮತ್ತೊಂದು ತಿಂಗಳು ಹೋಯಿತು, ಮತ್ತೊಂದೂ ಹೋಯಿತು. ಆದರೆ ಅತ್ತೆ ಹಿಂಡುವುದನ್ನು ಬಿಟ್ಟರು. ಎಣ್ಣೆಯ ಸೀಸೆಯನ್ನು ಹಿತ್ತಲಿಗೆಸೆದರು, ಬೆಕ್ಕು ವಾಪಸು ಬಂತು. ಕೂಸನ್ನು ದಿನಾ ಅಂಗಡಿಯಲ್ಲಿ ಚಿಕ್ಕಪ್ಪನ ಮಗ್ಗುಲಲ್ಲಿ ತಾವೇ ಕೂರಿಸಿ ಬರುತ್ತಿದ್ದರು. ಭಯವನ್ನು ನಾನೊಬ್ಬಳೇ ಹೊತ್ತುಕೊಳ್ಳಬೇಕಾಯಿತು, ಅದು ಅವರಿಗೆ ಗೊತ್ತಿತ್ತು. ಎರೆಯುವಾಗ ಒಮ್ಮೆ, "ನಡೀದಿದ್ರೂ ನಮ್ಮ ಕೂಸೇ ಅಲ್ಲೇನವ್ವ" ಎಂದು ನನ್ನ ಮುಖ ನೋಡದೆ ಹೇಳಿದರು. ಆಮೇಲೆ ನಾನು ದಾರದಲ್ಲಿ ಅಳೆಯುವುದನ್ನು ನಿಲ್ಲಿಸಿದೆ.

ಅದೊಂದು ಮಧ್ಯಾಹ್ನ. ಅಂಗಡಿಯಲ್ಲಿ ಸಂತೆಯ ದಿನದ ಗಲಾಟೆ. ನಾನು ಮೈದುನನಿಗೆ ಕಾಫಿ ಕೊಡಲು ಹೋಗಿದ್ದೆ, ಅತ್ತೆ ಬಾಗಿಲಲ್ಲಿದ್ದರು. ಮೈದುನ ಬಗ್ಗಿ ಮೂಟೆಯಿಂದ ಕಡಲೆ ತೆಗೆಯುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಕೂಸು ಅವನ ಅಂಗಿ ಹಿಡಿಯಿತು. ಆಮೇಲೆ ತೋಳು ಹಿಡಿಯಿತು. ಆಮೇಲೆ ಹೆಗಲು. ಕೂತ ಮನುಷ್ಯನ ಹೆಗಲು ಅದಕ್ಕೆ ಸರಿಯಾದ ಎತ್ತರದಲ್ಲಿತ್ತು. ಎರಡೂ ಪಾದ ನೆಲಕ್ಕೊತ್ತಿ ಎದ್ದು ನಿಂತಿತು. ಮೈದುನ ಕಲ್ಲಾದ. ಕಡಲೆ ಹಿಡಿದ ಕೈ ಗಾಳಿಯಲ್ಲೇ ಉಳಿಯಿತು. ಉಸಿರಾಡಿದರೆ ಎಲ್ಲಿ ಬೀಳುತ್ತದೋ ಎಂದು ಉಸಿರನ್ನೂ ಬಿಗಿಹಿಡಿದ. ಕೂಸು ಅವನ ಹೆಗಲು ಬಿಟ್ಟಿತು. ಒಂದು ಹೆಜ್ಜೆ ಇಟ್ಟಿತು, ತೂಗಾಡಿತು, ಇನ್ನೊಂದು ಇಟ್ಟಿತು. ಗಿರಾಕಿಗಳು ದಾರಿ ಬಿಟ್ಟರು. ಅವನನ್ನು ಹಿಂದೆ ಬಿಟ್ಟು ಅಂಗಡಿಯ ಮುಂದಿನ ಕಟ್ಟೆಯ ಕಡೆಗೆ, ಬೆಳಕಿನ ಕಡೆಗೆ ಹೋಯಿತು.

ಯಾರೋ ಚಪ್ಪಾಳೆ ತಟ್ಟಿದರು. ನಾನು ಕಾಫಿ ಲೋಟ ಅಲ್ಲೇ ಇಟ್ಟು ಓಡಿಹೋಗಿ ಕಟ್ಟೆಯ ಅಂಚಿಗೆ ಅಡ್ಡ ಕೂತು ಎರಡೂ ಕೈ ಚಾಚಿದೆ. ಕೂಸು ಬಂದು ನನ್ನ ಎದೆಗೆ ಬಿತ್ತು. ಅದನ್ನು ಅಪ್ಪಿಕೊಂಡು ಅಳುತ್ತ ಹಿಂದಿರುಗಿ ನೋಡಿದೆ, ಅತ್ತೆಯೂ ನೋಡಲಿ ಎಂದು.

ಅತ್ತೆ ಇತ್ತ ನೋಡುತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತು, ಮೂಟೆಗಳ ನಡುವೆ ಒಬ್ಬನೇ ಉಳಿದಿದ್ದ ಮಗನನ್ನೇ ನೋಡುತ್ತಿದ್ದರು. ಅವನು ನಗುತ್ತಿದ್ದ, ಕಣ್ಣು ತುಂಬಿತ್ತು. ಅವ್ವ ತನ್ನನ್ನೇ ನೋಡುತ್ತಿರುವುದು ಗೊತ್ತಾಗಿ ಮುಜುಗರಪಟ್ಟುಕೊಂಡ.

"ಏ ಅವ್ವಾ, ಕೂಸು ಅಲ್ಲಿ ನಡೀತೈತೆ. ಅದನ್ನ ನೋಡೋದು ಬಿಟ್ಟು ನನ್ನ ಮುಖ ಏನ್ ನೋಡ್ತಿ?"

"ಅದನ್ನ ಊರೆಲ್ಲಾ ನೋಡ್ತೈತೆ" ಎಂದರು ಅತ್ತೆ. "ನಿನ್ನ ಯಾರು ನೋಡ್ತಾರೆ?"